ಬೆಟ್ಟವೇರಿದ ಬೀದಿಯ ಟೈರು

ಮೌಂಟನ್ ಬೈಕಿನ ದಪ್ಪ ಟೈರು ಹುಟ್ಟಿದ್ದು ಬೆಟ್ಟಕ್ಕಲ್ಲ, ಬೀದಿಗೆ. 1933ರಲ್ಲಿ ಅಮೆರಿಕದ ಶ್ವಿನ್ ಸಂಸ್ಥೆಯು ಎರಡು ಇಂಚಿಗೂ ಮಿಗಿಲಾದ ಅಗಲದ ಬಲೂನ್ ಟೈರನ್ನು ಬೈಸಿಕಲ್ಲಿಗೆ ತೊಡಿಸಿತು. 1976ರಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ತರುಣರು ಅಂತಹ ಹಳೆಯ ಸೈಕಲ್ಲುಗಳನ್ನೇ ಏರಿ ರಿಪ್ಯಾಕ್ ಎಂಬ ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಹೂಡಿದರು. (ಒಮ್ಮೆ ಇಳಿದರೆ ಬ್ರೇಕಿನ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು, ಹೆಸರು ಬಂದದ್ದು ಅದರಿಂದಲೇ.) ಹಲ್ಲುಳ್ಳ ಟೈರು ಮಣ್ಣನ್ನು ಕಚ್ಚುವುದು ನಿಜ, ಡಾಂಬರಿನ ಮೇಲಾದರೋ ಆ ಹಲ್ಲುಗಳು ಬಾಗಿ, ತುಳಿದ ಶಕ್ತಿಯನ್ನು ನುಂಗುತ್ತವೆ. ಎರಡೂ ದಾರಿಗಳಲ್ಲಿ ಸಾಗುವವರು ಅಗಲವನ್ನು ಉಳಿಸಿಕೊಂಡು ಹಲ್ಲನ್ನು ಬಿಟ್ಟುಕೊಡುವುದು ಲೇಸೆಂದು ನನ್ನ ಮತ: ನಡುವೆ ನಯವಾದ ಅಖಂಡ ಏಣು, ಅಂಚಿನಲ್ಲಷ್ಟೇ ಹಲ್ಲು. ಮಣ್ಣಿಗಿಳಿಯುವಾಗ ಗಾಳಿಯನ್ನು ತುಸು ಕಡಿಮೆ ಮಾಡಿದರೆ ಆ ಹಲ್ಲುಗಳೂ ನೆಲ ಮುಟ್ಟುತ್ತವೆ. ಕೆಸರಿನಲ್ಲಿ ಮಾತ್ರ ಇಂತಹ ಟೈರು ಜಾರುತ್ತದೆ, ಅದನ್ನರಿತೇ ಕೊಳ್ಳಬೇಕು.