ಸರಸ್ವತಿ ಭಂಡಾರದ ಕೀಲಿಕೈ

ಇಂಡಿ ತಾಲ್ಲೂಕಿನ ಸಾಲೋಟಗಿ ಎಂಬ ಊರಿನ ಹೆಸರಿನೊಳಗೇ ಒಂದು ಶಾಲೆ ಅಡಗಿದೆ. ಊರಿನ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ನಾಡಿನ ಬೇರೆ ಬೇರೆ ಭಾಗಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಊರು ಶಾಲಾಪಾವಿಟ್ಟಗೆ ಆಯಿತು, ಕಾಲಾಂತರದಲ್ಲಿ ಸಾಲೋಟಗಿ ಆಯಿತು ಎಂದು ಶಾಸನತಜ್ಞರು ಗುರುತಿಸಿದ್ದಾರೆ. ಕ್ರಿ.ಶ. 945ರ ಅಲ್ಲಿಯ ಕಂಬದ ಶಾಸನ ಈ ಶಾಲೆಯ ಜಮಾಖರ್ಚನ್ನು ಹೇಳುತ್ತದೆ. ವಿದ್ಯಾರ್ಥಿಗಳ ವಸತಿಗೆ 27 ಮನೆ, ದೀಪದ ಎಣ್ಣೆಗೆಂದು 12 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ. ಇಷ್ಟಕ್ಕೇ ಮುಗಿಯಲಿಲ್ಲ. ಊರವರೂ ಒಂದು ಒಪ್ಪಂದಕ್ಕೆ ಬಂದರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಜವಳ ತೆಗೆಸಿದರೆ ಒಂದೂಕಾಲು.

ಸಿಂದಗಿ ಸೀಮೆಯವನಾದ ನನಗೆ ಈ ಶಾಸನದಲ್ಲಿ ತುಂಬ ಹಿಡಿಸುವುದು ಆ ಎಣ್ಣೆಯ ಲೆಕ್ಕ. ಕತ್ತಲಾದ ಮೇಲೂ ಯಾರೋ ಓದುತ್ತಾರೆ, ಅವರಿಗೆ ಬೆಳಕು ಬೇಕು ಎಂದು ಯೋಚಿಸಿ ಹೊಲವನ್ನೇ ಬಿಟ್ಟುಕೊಟ್ಟ ಜನ ಇಲ್ಲಿದ್ದರು.

ಅಲ್ಲಿಂದ ನೂರು ವರ್ಷ ಮುಂದಕ್ಕೆ, ಪೂರ್ವದ ದಿಕ್ಕಿಗೆ ಬರೋಣ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನ ಕಟ್ಟಿದ. 1058ರ ಶಾಸನದ ಪ್ರಕಾರ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು. ಅಂದರೆ ಓಲೆಗ್ರಂಥಗಳ ಭಂಡಾರ ನೋಡಿಕೊಳ್ಳುವವರು, ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಕಲಿಸುವವರು ಎಷ್ಟೋ, ಗ್ರಂಥ ಕಾಯುವವರೂ ಅಷ್ಟೇ! 252 ವಿದ್ಯಾರ್ಥಿಗಳಿಗೆ 6 ಭಂಡಾರಿಗರು ಎಂದರೆ 42 ಜನಕ್ಕೆ ಒಬ್ಬ.

ಈ ಲೆಕ್ಕ ಹಿಡಿದುಕೊಂಡು ಈಗ ಮೋರಟಗಿಗೆ ಬರಬೇಕು. ಸಿಂದಗಿಯಿಂದ ಜೇವರ್ಗಿ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ತೊಗರಿ, ಹತ್ತಿ, ಜೋಳದ ಎರೆಹೊಲಗಳು. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಗೋವಾ, ಮಹಾರಾಷ್ಟ್ರ ಎಂದು ದುಡಿಯಲು ಹೋಗುವ ಕುಟುಂಬಗಳು. ಮೋರಟಗಿಯಾಗಲಿ, ಸುತ್ತಲಿನ ಊರುಗಳಾಗಲಿ, ಇಲ್ಲಿಯ ಸರ್ಕಾರಿ ಶಾಲೆಗಳಿಗೆ ಬರುವ ಅನೇಕ ಮಕ್ಕಳ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಇನ್ನೊಂದು ಪುಸ್ತಕ ಇರುವುದಿಲ್ಲ. ಅವರ ಮಟ್ಟಿಗೆ ಶಾಲೆಯ ಗ್ರಂಥಾಲಯವೇ ಮೊದಲನೆಯದು, ಎಷ್ಟೋ ಸಲ ಕೊನೆಯದು. ಆ ಗ್ರಂಥಾಲಯ ಬಹಳ ಕಡೆ ಒಂದು ಕಬ್ಬಿಣದ ಕಪಾಟು. ಅದರ ಕೀಲಿಕೈ ಹೆಡ್‌ಮಾಸ್ತರರ ಹತ್ತಿರ. ಅದನ್ನು ನೋಡಿಕೊಳ್ಳಲೆಂದೇ ನೇಮಿಸಿದ ಭಂಡಾರಿಗ ಪ್ರಾಥಮಿಕ ಶಾಲೆಯಲ್ಲಿ ಇಲ್ಲ.

ನಾನು ಕಲಿತ ಶಾಲೆಯಲ್ಲೂ ಅಂಥದೊಂದು ಕಪಾಟು ಇತ್ತು. ಗಾಜಿನ ಬಾಗಿಲಾದ್ದರಿಂದ ಪುಸ್ತಕದ ಬೆನ್ನು ಕಾಣುತ್ತಿತ್ತು, ಹೊಟ್ಟೆ ಕಾಣುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಸರ್, ಒಂದ್ ಪುಸ್ತಕ ಕೊಡ್ರಿ, ನಾಳೆ ತಂದ್ ಕೊಡ್ತೀನ್ರಿ" ಅಂದೆವು. "ಹರಿದ್ರ ಯಾರ ಪಗಾರದಾಗ ಕಟ್ ಮಾಡಸ್ಲೋ ತಮ್ಮಾ?" ಅಂದರು ಮಾಸ್ತರರು. ಆಗ ಅದು ಬೈಗುಳದಂತೆ ಕೇಳಿಸಿತ್ತು. ಅದರ ಹಿಂದೆ ನಿಜವಾದ ಭಯವಿತ್ತು ಎಂದು ಈಗ ತಿಳಿಯುತ್ತದೆ. ಪುಸ್ತಕವೂ ಕುರ್ಚಿ, ಗಂಟೆ, ಗಡಿಯಾರದ ಹಾಗೆ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ದಾಖಲಾಗುವ ವಸ್ತು. ಬದಲಿಯಾಗಿ ಹೋಗುವಾಗ ಚಾರ್ಜ್ ಒಪ್ಪಿಸಬೇಕು. ಎಣಿಕೆ ಕಡಿಮೆ ಬಂದರೆ ಉತ್ತರ ಹೇಳಬೇಕು. ಹಾಗಾಗಿ ಯಾರೂ ಮುಟ್ಟದ ಪುಸ್ತಕವೇ ಮಾಸ್ತರರಿಗೆ ಕ್ಷೇಮ. ಯಾವ ಮಗುವೂ ಓದಿಲ್ಲವೆಂಬ ಲೆಕ್ಕ ಯಾವ ರಜಿಸ್ಟರಿನಲ್ಲೂ ಬರುವುದಿಲ್ಲ.

ಪುಸ್ತಕ ಕೂಡಿಟ್ಟು ಬಾಗಿಲು ಹಾಕುವುದು ಈ ನೆಲಕ್ಕೆ ಹೊಸದಲ್ಲ. ವಿಜಯಪುರದ ಆದಿಲಶಾಹಿಗಳು ದೊಡ್ಡ ಗ್ರಂಥಭಂಡಾರ ಇಟ್ಟುಕೊಂಡಿದ್ದರು. ಅದರಲ್ಲಿ ಉಳಿದ ಅರಬ್ಬಿ, ಪಾರಸಿ ಹಸ್ತಪ್ರತಿಗಳು ಅಸರ್ ಮಹಲಿನಲ್ಲಿದ್ದವು. 1853ರ ಹೊತ್ತಿಗೆ ಅಲ್ಲಿಂದ 400ಕ್ಕೂ ಹೆಚ್ಚು ಪ್ರತಿಗಳು ಲಂಡನ್ನಿಗೆ ಹೋದವು. ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಬಿಜಾಪುರದ ಹೆಸರಿನಲ್ಲೇ ಅವು ಇವೆ. ಓದುಗರ ಕೈಯಲ್ಲಿ ಹಂಚಿಹೋಗದೆ ಒಂದೇ ಕಡೆ ಕೂತ ಭಂಡಾರವನ್ನು ಪೆಟ್ಟಿಗೆ ಕಟ್ಟಿ ಸಾಗಿಸುವುದು ಸುಲಭ.

ಇನ್ನೊಂದು ಬಗೆಯ ಕೀಲಿ ಭಕ್ತಿಯದು. ವಚನಗಳ ಓಲೆಗರಿಗಳು ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದವು. ಅವುಗಳಿಗೆ ಪೂಜೆ ನಡೆಯುತ್ತಿತ್ತು, ಓದು ನಿಂತಿತ್ತು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಅವರು ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಗಳಿಕೆಯನ್ನೆಲ್ಲ ಅದಕ್ಕೇ ಸುರಿದರು. ಹಳಕಟ್ಟಿಯವರನ್ನು ವಚನ ಸಂಗ್ರಹಿಸಿದವರು ಎಂದು ಕರೆಯುತ್ತೇವೆ. ಮುಚ್ಚಿಟ್ಟದ್ದನ್ನು ಬಿಚ್ಚಿ ಹಂಚಿದವರು ಎಂದರೆ ಅವರ ಕೆಲಸಕ್ಕೆ ಇನ್ನೂ ಹತ್ತಿರವಾದೀತು.

ಇಲ್ಲೊಂದು ಮಾತು ಸೇರಿಸಬೇಕು. ಸಾಲೋಟಗಿ, ನಾಗಾವಿಗಳನ್ನು ಎಷ್ಟು ಹೊಗಳಿದರೂ ಅಲ್ಲಿಯ ದೀಪದ ಬೆಳಕು ಎಲ್ಲರ ಮೇಲೂ ಬೀಳಲಿಲ್ಲ. ಎಣ್ಣೆಗೆ ಬಿಟ್ಟ ಹೊಲ ಉತ್ತವರ ಮಕ್ಕಳು ಆ ದೀಪದ ಮುಂದೆ ಕೂತಿರಲಾರರು. ಹೆಣ್ಣುಮಕ್ಕಳಂತೂ ದೂರವೇ ಉಳಿದರು. ಅವರು ಅಕ್ಷರವಿಲ್ಲದೆಯೇ ಬೇರೊಂದು ಭಂಡಾರ ಕಟ್ಟಿಕೊಂಡರು. ಬೀಸುವಾಗ, ಕುಟ್ಟುವಾಗ, ಮಗುವನ್ನು ತೂಗುವಾಗ ಹುಟ್ಟಿದ ಹಾಡುಗಳು ಅವು. ಈ ಭಂಡಾರವನ್ನು ಅಚ್ಚಿಗೆ ತಂದವರೂ ನಮ್ಮ ಸೀಮೆಯವರೇ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಲಸಂಗಿ ಗೆಳೆಯರು ಎಂದೇ ಹೆಸರಾದ ಇವರಿಂದ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು.

ಇವರ ಹಿನ್ನೆಲೆ ನೋಡಿ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಇಂಗ್ಲಿಷನ್ನು ಅವರು ಕಲಿತದ್ದು ಪುಸ್ತಕ ಇಟ್ಟುಕೊಂಡು, ಸ್ವಂತವಾಗಿ. ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ದೊಡ್ಡ ಕಾಲೇಜು, ವಿಶ್ವವಿದ್ಯಾಲಯ ಯಾವುದೂ ಹತ್ತಿರವಿರಲಿಲ್ಲ. ಪುಸ್ತಕ ಕೈಗೆ ಸಿಕ್ಕರೆ, ಅದರ ಬಗ್ಗೆ ಮಾತಾಡಲು ನಾಲ್ಕು ಗೆಳೆಯರು ಸಿಕ್ಕರೆ ಹಳ್ಳಿಯಲ್ಲೇ ಕೂತು ಏನಾಗಬಹುದು ಎಂಬುದಕ್ಕೆ ಹಲಸಂಗಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಲ್ಕಿವರೆಗಿನ ಆ ಕನ್ನಡ ಶಾಲೆಯೂ ತಾನಾಗಿ ಬಂದದ್ದಲ್ಲ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿ ಆಳುತ್ತಿದ್ದಾಗ ಕನ್ನಡವನ್ನು ತಂದು ನಿಲ್ಲಿಸಲು ಡೆಪ್ಯುಟಿ ಚನ್ನಬಸಪ್ಪನಂಥವರು ದುಡಿದರು. ಶಾಲಾ ಮಾಸ್ತರರಿಗಾಗಿ 1865ರಲ್ಲಿ 'ಮಠಪತ್ರಿಕೆ' ಹುಟ್ಟಿತು. ಇಂದಿನ 'ಜೀವನ ಶಿಕ್ಷಣ' ಮಾಸಿಕ ಅದರ ಮುಂದುವರಿಕೆ. ಮೋರಟಗಿಯಿಂದ ಪೂರ್ವಕ್ಕೆ, ಜೇವರ್ಗಿಯ ಕಡೆ ಸ್ವಲ್ಪ ದೂರ ಹೋದರೆ ನಿಜಾಮರ ರಾಜ್ಯ ಶುರುವಾಗುತ್ತಿತ್ತು. ಅಲ್ಲಿ ಆಡಳಿತವೂ ಮೇಲಿನ ಓದೂ ಉರ್ದುವಿನಲ್ಲಿ. ಖಾಸಗಿ ಶಾಲೆ ತೆರೆಯಲು, ಸಭೆ ಸೇರಲು ಸರ್ಕಾರದ ಅನುಮತಿ ಬೇಕು. ಒಂದೇ ಎರೆಮಣ್ಣು, ಒಂದೇ ಮಾತು. ಆದರೆ ಗಡಿಯ ಯಾವ ಬದಿಯಲ್ಲಿ ಹುಟ್ಟಿದೆ ಎಂಬುದರ ಮೇಲೆ ಮಗು ಯಾವ ಭಾಷೆಯಲ್ಲಿ ಓದಬೇಕೆಂದು ತೀರ್ಮಾನವಾಗುತ್ತಿತ್ತು. ಆ ಗಡಿ ಅಳಿಸಲು ಹೋರಾಡಿದವರ ಮುಂದಾಳು ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದವರು. ಚಳವಳಿಗೆ ಇಳಿಯುವ ಮೊದಲು ಅವರೂ ಶಾಲಾಮಾಸ್ತರರು.

ಮಕ್ಕಳಿಗಾಗಿಯೇ ಬರೆಯುವ ಪರಂಪರೆಯೂ ಈ ಜಿಲ್ಲೆಯಲ್ಲಿ ಗಟ್ಟಿಯಾಗಿದೆ. ಸಿಸು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಇವರೆಲ್ಲ ಪಾಠ ಹೇಳುತ್ತಲೇ ಮಕ್ಕಳ ಪದ್ಯ ಬರೆದವರು. ಸಿಂದಗಿಯಲ್ಲೇ ಹ. ಮ. ಪೂಜಾರ ಅವರು ವಿದ್ಯಾಚೇತನ ಪ್ರಕಾಶನದ ಮೂಲಕ ಮಕ್ಕಳ ಪುಸ್ತಕಗಳನ್ನು ಹೊರತಂದಿದ್ದಾರೆ. ಇದು ಹೆಮ್ಮೆಗಾಗಿ ಹೇಳುವ ಮಾತಲ್ಲ. "ಅಂವ ಹೋಗ್ಯಾನ್ರಿ" ಎನ್ನುವ ಮಗುವಿಗೆ ಪಠ್ಯಪುಸ್ತಕದ ಕನ್ನಡ ಅರ್ಧ ಪರಭಾಷೆಯೇ. ತನ್ನ ಮನೆಮಾತಿನ ವಾಸನೆ ಇರುವ ಒಂದು ಹಾಡು, ಒಂದು ಕತೆ ಸಿಕ್ಕರೆ ಪುಸ್ತಕವೆಂಬುದು ತನ್ನದೂ ಹೌದು ಅನ್ನಿಸುತ್ತದೆ. ಆಮೇಲೆ ಅದು ಯಾವ ಕನ್ನಡವನ್ನಾದರೂ ಓದೀತು. ಶಾಲೆಗೆ ಪುಸ್ತಕ ಆರಿಸುವವರು 'ಗರತಿಯ ಹಾಡು' ಹುಟ್ಟಿದ ಜಿಲ್ಲೆಯಲ್ಲಿ ಇದನ್ನು ಮರೆಯಬಾರದು.

ಪುಸ್ತಕವನ್ನು ಓದುಗನ ಹತ್ತಿರ ಒಯ್ಯುವ ವಿಚಾರದಲ್ಲಿ ನಮ್ಮ ದೇಶಕ್ಕೆ ಒಳ್ಳೆಯ ಅನುಭವವಿದೆ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರ ಸುಮಾರಿನಲ್ಲಿ ಗ್ರಂಥಾಲಯ ಚಳವಳಿ ಶುರುಮಾಡಿ, ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸಿದರು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಅದೇ ವರ್ಷ ಎಸ್. ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಅದರ ಮೊದಲ ಸೂತ್ರದ ಸಾರ, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಕೇಳಲು ಇಷ್ಟು ಸರಳವಾದ ಮಾತನ್ನು ಸೂತ್ರವಾಗಿ ಬರೆಯಬೇಕಾಯಿತೆಂದರೆ ಬಳಸದೆ ಇಡುವ ರೂಢಿ ಎಷ್ಟು ಬಲವಾಗಿತ್ತೆಂದು ಊಹಿಸಬಹುದು.

ಕಾನೂನಿನಲ್ಲಿ ಇಂದು ಕೊರತೆಯಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಶಾಲೆಗಳಿಗೆ ಪುಸ್ತಕ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಕತೆಪುಸ್ತಕ, ಪತ್ರಿಕೆಗಳಿರುವ ಗ್ರಂಥಾಲಯ ಇರಲೇಬೇಕೆಂದು ಹೇಳಿತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನದ ಅವಕಾಶವಿದೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ 'ಓದುವ ಬೆಳಕು' ಅಭಿಯಾನ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತ ಮಾಡಿತು. ನೆಹರು ಬಾಲ ಪುಸ್ತಕಾಲಯ ಮಾಲೆಯಿಂದ ಹಿಡಿದು ಪ್ರಥಮ್ ಬುಕ್ಸ್‌ವರೆಗೆ ಕನ್ನಡದಲ್ಲಿ ಕಡಿಮೆ ಬೆಲೆಯ, ಚಂದದ ಚಿತ್ರಗಳ ಪುಸ್ತಕಗಳೂ ಇವೆ.

ಸಾವಿರ ವರ್ಷದ ಈ ಕತೆಯಲ್ಲಿ ಗಮನಿಸಬೇಕಾದ ಸಂಗತಿ ಇದು. ಜಾತಿ, ಲಿಂಗ ಕೇಳದೆ ಪ್ರತಿ ಮಗುವಿಗೂ ಗ್ರಂಥಾಲಯ ಹಕ್ಕಾಗಿ ಸಿಕ್ಕಿರುವುದು ನಮ್ಮ ಕಾಲದಲ್ಲಿ ಮಾತ್ರ. ಪುಸ್ತಕ ಬಂದಿದೆ, ಹಕ್ಕು ಬಂದಿದೆ. ನಾಗಾವಿಯಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ಭಂಡಾರಿಗ. ಸಾಲೋಟಗಿಯಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ಊರವರ ಪಾಲು.

ಇವೆರಡನ್ನೂ ದೊಡ್ಡ ಖರ್ಚಿಲ್ಲದೆ ಮರಳಿ ತರಬಹುದು. ಆರು, ಏಳನೆಯ ಇಯತ್ತೆಯ ಮಕ್ಕಳನ್ನೇ ಸರದಿಯ ಮೇಲೆ ಭಂಡಾರಿಗರನ್ನಾಗಿ ಮಾಡಿದರೆ, ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಅವರು ಮಾಸ್ತರರಿಗಿಂತ ಚೆನ್ನಾಗಿ ಬಲ್ಲರು. ವಾರಕ್ಕೊಂದು ಪಿರಿಯಡ್ ಪರೀಕ್ಷೆಯ ಹಂಗಿಲ್ಲದೆ ಓದಲು ಬಿಟ್ಟರೆ, ಓದಿದ ಕತೆಯನ್ನು ತಮ್ಮದೇ ಮಾತಿನಲ್ಲಿ ಹೇಳಲು ಬಿಟ್ಟರೆ, ಕಪಾಟು ತಾನೇ ಖಾಲಿಯಾಗುತ್ತದೆ. ಹರಿದ ಪುಸ್ತಕವನ್ನು ಓದಿ ಸವೆದದ್ದೆಂದು ರಜಿಸ್ಟರಿನಿಂದ ಕಡಿಮೆ ಮಾಡಲು ಮೇಲಿನವರು ಮಾಸ್ತರರಿಗೆ ಧೈರ್ಯ ಕೊಡಬೇಕು. ಊರವರ ಪಾಲಿನ ಮಾತಿಗೆ ಬಂದರೆ, ಮದುವೆಗೆ ಡಿಜೆ, ಪೆಂಡಾಲು, ಬ್ಯಾನರ್ ಎಂದು ಸಾವಿರಗಟ್ಟಲೆ ಸುರಿಯುವ ನಾವು ಅದೇ ದಿನ ಊರ ಶಾಲೆಗೆ ಐದು ಪುಸ್ತಕ ಕೊಡುವ ರೂಢಿ ಹಾಕಿಕೊಳ್ಳಬಹುದು. ಹತ್ತನೆಯ ಶತಮಾನದಲ್ಲಿ ನಮ್ಮದೇ ಜಿಲ್ಲೆಯ ಒಂದು ಊರು ಒಪ್ಪಿಕೊಂಡ ದರ ಅದು. ಜವಳಕ್ಕೆ ಒಂದು ಪುಸ್ತಕ ಸಾಕು, ಉಳಿದ ಕಾಲು ಭಾಗವನ್ನು ಮಕ್ಕಳಿಗೆ ಪೆಪ್ಪರಮಿಂಟು ಹಂಚಿ ತೀರಿಸಬಹುದು.