‘ನೈಸ್’ ಎಂಬ ಆಂಗ್ಲ ಶಬ್ದದ ಅರ್ಥಪರಿಣಾಮ

ಆಂಗ್ಲಭಾಷೆಯಲ್ಲಿ ದಿನವೂ ಕಿವಿಗೆ ಬೀಳುವ ಶಬ್ದಗಳಲ್ಲಿ ‘ನೈಸ್’ ಎಂಬುದೊಂದು. ಊಟವೂ ನೈಸ್, ಹವೆಯೂ ನೈಸ್, ನೆರೆಮನೆಯವನೂ ನೈಸ್. ಹೀಗೆ ಪ್ರಶಂಸೆಗೆ ಮೀಸಲಾದಂತೆ ತೋರುವ ಈ ಶಬ್ದವು ಮೊದಲು ನಿಂದಾವಾಚಕವಾಗಿದ್ದಿತು.

ಲ್ಯಾಟಿನ್ ಭಾಷೆಯಲ್ಲಿ ‘ನೆ’ ಎಂಬುದು ನಿಷೇಧಾರ್ಥಕ. ‘ಸ್ಕೀರೆ’ ಎಂದರೆ ಅರಿಯುವುದು. ಇವುಗಳಿಂದಾದ ‘ನೆಸ್ಕಿಯುಸ್’ ಎಂಬುದಕ್ಕೆ ಅಜ್ಞನೆಂದರ್ಥ. ಅದು ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಆಂಗ್ಲಭಾಷೆಯನ್ನು ಸೇರಿತು. 14ನೆಯ ಶತಮಾನದ ಚಾಸರ್ ಕವಿಯು ಅದನ್ನು ಮೂಢನೆಂಬರ್ಥದಲ್ಲಿಯೇ ಪ್ರಯೋಗಿಸಿರುವನು. ಬಳಿಕ ಅದಕ್ಕೆ ಅತಿನಾಜೂಕು, ಸೂಕ್ಷ್ಮ, ನಿಷ್ಕೃಷ್ಟ ಎಂಬ ಅರ್ಥಗಳು ಬಂದವು. 18ನೆಯ ಶತಮಾನದ ಉತ್ತರಾರ್ಧದಲ್ಲಿ ‘ಹಿತಕರ’ ಎಂಬರ್ಥವು ಬಲಗೊಂಡಿತು. ಸೂಕ್ಷ್ಮಭೇದವನ್ನು ಹೇಳುವಾಗ ನಡುಗಾಲದ ಅರ್ಥವು ಇಂದಿಗೂ ಉಳಿದಿದೆ.

ಈ ಇತಿಹಾಸವನ್ನರಿಯದೆ ಹಳೆಯ ಗ್ರಂಥಗಳನ್ನೋದಿದರೆ ಪ್ರಮಾದವು ತಪ್ಪದು. ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ, ರೋಮಿಯೋವಿಗೆ ತಲಪದೆ ಹೋದ ಪತ್ರವು ‘ನೈಸ್’ ಆದುದಲ್ಲವೆಂದು ಸಂನ್ಯಾಸಿಯು ಕಳವಳಪಡುತ್ತಾನೆ. ಪತ್ರವು ಸೊಗಸಾಗಿರಲಿಲ್ಲವೆಂದು ಅಲ್ಲಿ ಭಾವವಲ್ಲ. ಅದು ಕ್ಷುಲ್ಲಕವಾದುದಲ್ಲವೆಂದು ಭಾವ. ಇಬ್ಬರ ಪ್ರಾಣವು ಆ ಪತ್ರವನ್ನವಲಂಬಿಸಿದ್ದಿತು.

1817ರಲ್ಲಿ, ಲೇಖಕಿಯ ಮರಣಾನಂತರ ಪ್ರಕಟವಾದ ಜೇನ್ ಆಸ್ಟಿನಳ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬವನು, ಕಂಡುದಕ್ಕೆಲ್ಲ ‘ನೈಸ್’ ಎನ್ನುವ ವಾಡಿಕೆಯನ್ನು ಪರಿಹಾಸ ಮಾಡುತ್ತಾನೆ. ಅಚ್ಚುಕಟ್ಟುತನ, ಔಚಿತ್ಯ, ನಯ—ಇವೇ ಬಹುಶಃ ಅದರ ಮೂಲಾರ್ಥವೆಂದು ಅವನ ಊಹೆ. ಆದರೆ ಅವನು ಮುಟ್ಟಿದುದು ನಡುವಣ ಮೆಟ್ಟಿಲನ್ನು, ಮೂಲದಲ್ಲಿದ್ದುದು ಮೌಢ್ಯವೇ!

ಸಂಸ್ಕೃತಜ್ಞರಿಗೆ ಇದು ಹೊಸತಲ್ಲ. ‘ಮುಹ್’ ಧಾತುವಿನಿಂದಾದ ‘ಮುಗ್ಧ’ ಶಬ್ದಕ್ಕೆ ಮೂಢ, ಸುಂದರ ಎಂಬೆರಡರ್ಥಗಳೂ ಉಂಟು. ಸ್ಮೃತಿಗಳಲ್ಲಿ ಬಲಾತ್ಕಾರದ ಅಪರಾಧವೆನಿಸಿದ ‘ಸಾಹಸ’ವು ಕನ್ನಡದಲ್ಲಿ ಪರಾಕ್ರಮವಾಗಿದೆ. ಅಲ್ಲಿ ಸಾಹಸಕ್ಕೆ ದಂಡ ವಿಧಿಸಿರುವುದನ್ನು ಕಂಡು, ಪೂರ್ವಿಕರು ಶೌರ್ಯವನ್ನು ದಂಡಿಸಿದರೆನ್ನುವುದು ಅನ್ಯಾಯವಲ್ಲವೆ?

ಕನ್ನಡಿಗರೂ ‘ನೈಸ್’ ಶಬ್ದವನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ. ಹಿಟ್ಟನ್ನು ‘ನೈಸಾಗಿ’ ರುಬ್ಬುವುದೆಂದರೆ ನುಣ್ಣಗೆ ರುಬ್ಬುವುದು. ‘ನೈಸಾಗಿ’ ಮಾತನಾಡಿ ಕೆಲಸ ಸಾಧಿಸಿದನೆಂದರೆ ನಯವಂಚನೆಯ ಸೂಚನೆ. ಆಂಗ್ಲರಿಗೆ ಈ ಎರಡನೆಯ ಪ್ರಯೋಗವು ಸುಲಭವಾಗಿ ತಿಳಿಯದು.

ಆದಕಾರಣ ಶಬ್ದಾರ್ಥವನ್ನು ಧಾತುವೊಂದರಿಂದಲೇ ನಿರ್ಣಯಿಸಲಾಗದು. ಇಂದಿನ ರೂಢಿಯೊಂದರಿಂದಲೂ ಆಗದು. ಹೇಳಿದವನಾರು, ಯಾವ ಕಾಲದವನು, ಯಾರಿಗೆ ಹೇಳಿದನು ಎಂಬುದನ್ನು ಮೊದಲು ವಿಚಾರಿಸಿ, ಆ ಬಳಿಕ ಅರ್ಥವನ್ನು ಹೇಳತಕ್ಕುದು.