ಉರಿಯನ್ನು ತಗ್ಗಿಸುವ ಯಂತ್ರಗಳು: ಕಾಂಬಿ ಬಾಯ್ಲರ್ ಮತ್ತು ಸೌದಿಯ ಚಳಿಗಾಲ

ಸೌದಿ ಅರೇಬಿಯಾ ಎಂದೊಡನೆ ಸುಡುವ ಮರಳು ನೆನಪಾಗುವುದು ಸಹಜ. ಆದರೆ ಉತ್ತರದ ತಬೂಕ್, ಹಾಯಿಲ್, ತುರೈಫ್ ಕಡೆ ಜನವರಿಯ ಇರುಳುಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದುಂಟು. ತಬೂಕ್ ಪ್ರಾಂತ್ಯದ ಜಬಲ್ ಅಲ್ ಲೌಝ್ ಬೆಟ್ಟದ ಮೇಲೆ ಹಿಮವೂ ಬೀಳುತ್ತದೆ. ನಾನು ನೆಲೆಸಿರುವ ರಿಯಾದಿನಲ್ಲಿಯೂ ವರ್ಷದ ಕೆಲವು ವಾರ ಕೋಣೆಗೆ ಕಾವು ಬೇಕು, ಸ್ನಾನಕ್ಕೆ ಬಿಸಿನೀರು ಬೇಕು. ಬ್ರಿಟನ್ನಿನಲ್ಲಿರುವ ನಮ್ಮವರ ಮನೆಗಳಲ್ಲಿ ಈ ಎರಡೂ ಕೆಲಸಗಳನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಒಂದೇ ಪೆಟ್ಟಿಗೆ ಮಾಡುತ್ತದೆ. ಅದೇ ಕಾಂಬಿ ಬಾಯ್ಲರ್. ಅದರ ಕಾರ್ಯವಿಧಾನವನ್ನೂ, ಅದೇ ತತ್ತ್ವ ಸೌದಿಯ ಮನೆಗಳಲ್ಲಿ ಬೇರೊಂದು ರೂಪದಲ್ಲಿ ನೆಲೆಸಿರುವ ಬಗೆಯನ್ನೂ ಇಲ್ಲಿ ವಿವರಿಸುತ್ತೇನೆ.

ನಮ್ಮ ಊರುಗಳ ಬಚ್ಚಲೊಲೆಯನ್ನು ನೆನೆದರೆ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಹಂಡೆಯ ನೀರು ಕಾದ ಮೇಲೆ ಮನೆಯವರು ಒಲೆಯನ್ನು ಆರಿಸುತ್ತಿರಲಿಲ್ಲ. ಸೌದೆಯನ್ನು ಹಿಂದಕ್ಕೆಳೆದು ಉರಿ ತಗ್ಗಿಸುತ್ತಿದ್ದರು. ಮತ್ತೊಬ್ಬರು ಸ್ನಾನಕ್ಕೆ ಬಂದಾಗ ಪುನಃ ಮುಂದೂಡುತ್ತಿದ್ದರು. ಬೇಡಿಕೆಗೆ ತಕ್ಕಂತೆ ಉರಿಯನ್ನು ಹೀಗೆ ಏರಿಳಿಸುವುದಕ್ಕೆ ಯಂತ್ರಶಾಸ್ತ್ರದಲ್ಲಿ ಮಾಡ್ಯುಲೇಷನ್ ಎಂದು ಹೆಸರು.

ಕಾಂಬಿ ಬಾಯ್ಲರಿಗೆ ಇದು ಏಕೆ ಅನಿವಾರ್ಯ? ಅದರಲ್ಲಿ ಬಿಸಿನೀರಿನ ಸಂಗ್ರಹವಿಲ್ಲ; ನಲ್ಲಿ ತಿರುಗಿಸಿದ ಕ್ಷಣವೇ ಹರಿಯುವ ನೀರನ್ನು ಕಾಯಿಸಬೇಕು. ನಿಮಿಷಕ್ಕೆ 10 ಲೀಟರ್ ನೀರಿನ ಉಷ್ಣತೆಯನ್ನು 35 ಡಿಗ್ರಿಯಷ್ಟು ಏರಿಸಲು ಸುಮಾರು 24 ಕಿಲೋವಾಟ್ ಶಕ್ತಿ ಬೇಕು. ಆದರೆ ಹದವಾದ ಚಳಿಯ ದಿನ ಚಿಕ್ಕ ಮನೆಯ ಕೋಣೆಗಳನ್ನು ಬೆಚ್ಚಗಿಡಲು 3–4 ಕಿಲೋವಾಟ್ ಸಾಕಾಗಬಹುದು. ಒಂದೇ ಒಲೆ ಈ ಎರಡು ಬೇಡಿಕೆಗಳಿಗೂ ಹೊಂದಿಕೊಳ್ಳಬೇಕು.

ನಲ್ಲಿ ತೆರೆದಾಗ ನೀರಿನ ಹರಿವನ್ನು ಗುರುತಿಸುವ ಸಂವೇದಕವೊಂದು ನಿಯಂತ್ರಣ ಫಲಕಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಗ ಮೂರು ದಾರಿಯ ಕವಾಟವೊಂದು ತಿರುಗಿ, ರೇಡಿಯೇಟರುಗಳತ್ತ ಹೋಗುತ್ತಿದ್ದ ಬಿಸಿನೀರನ್ನು ಲೋಹದ ತಗಡುಗಳ ಶಾಖ ವಿನಿಮಯಕಕ್ಕೆ ಹೊರಳಿಸುತ್ತದೆ. ಅಲ್ಲಿ ನಲ್ಲಿಯ ನೀರು ಕಾಯುತ್ತದೆ. ನಲ್ಲಿ ಮುಚ್ಚಿದರೆ ಕವಾಟ ಹಿಂದಿನ ಸ್ಥಿತಿಗೆ ಮರಳುತ್ತದೆ. ಉರಿಯ ಪ್ರಮಾಣವನ್ನು ನಿರ್ಧರಿಸುವುದು ಬಹುಮಟ್ಟಿಗೆ ಒಂದು ಬೀಸಣಿಗೆ. ಅದರ ವೇಗ ಹೆಚ್ಚಿದಂತೆ ಗಾಳಿ ಹೆಚ್ಚು. ಆ ಗಾಳಿಯ ಒತ್ತಡವನ್ನು ಅನುಸರಿಸಿ ಗ್ಯಾಸ್ ಕವಾಟವೂ ತೆರೆದುಕೊಳ್ಳುತ್ತದೆ. ಹೀಗಾಗಿ ಉರಿ ದೊಡ್ಡದಿರಲಿ, ಚಿಕ್ಕದಿರಲಿ, ಗಾಳಿ ಮತ್ತು ಗ್ಯಾಸಿನ ಅನುಪಾತ ಕೆಡುವುದಿಲ್ಲ. ಹೊರಹೋಗುವ ಮತ್ತು ಮರಳಿ ಬರುವ ನೀರಿನ ಉಷ್ಣತೆಯನ್ನು ಅಳೆಯುತ್ತ ಫಲಕವು ಬೀಸಣಿಗೆಯ ವೇಗವನ್ನು ತಿದ್ದುತ್ತಿರುತ್ತದೆ.

ತಗ್ಗಿಸುವುದಕ್ಕೂ ಮಿತಿಯಿದೆ. 24 ಕಿಲೋವಾಟಿನ ಬಾಯ್ಲರ್ ನಾಲ್ಕರಲ್ಲೊಂದು ಪಾಲಿನವರೆಗೆ ಮಾತ್ರ ಇಳಿಯಬಲ್ಲದಾದರೆ ಅದರ ಕನಿಷ್ಠ ಉರಿ 6 ಕಿಲೋವಾಟ್; ಹತ್ತರಲ್ಲೊಂದು ಪಾಲಿಗೆ ಇಳಿಯಬಲ್ಲದಾದರೆ 2.4 ಕಿಲೋವಾಟ್. ಮನೆಯ ಬೇಡಿಕೆ ಕನಿಷ್ಠಕ್ಕಿಂತಲೂ ಕಡಿಮೆಯಾದಾಗ ಯಂತ್ರವು ಹೊತ್ತಿ ಆರಿ, ಆರಿ ಹೊತ್ತಿ ಸವೆಯುತ್ತದೆ. ತಗ್ಗಿದ ಉರಿಯಿಂದ ಇನ್ನೊಂದು ಲಾಭವುಂಟು. ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿರುವ ನೀರಾವಿ ದ್ರವಿಸಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಈ ಉಳಿತಾಯಕ್ಕಾಗಿಯೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸ ಗ್ಯಾಸ್ ಬಾಯ್ಲರುಗಳು ಸಾಮಾನ್ಯವಾಗಿ ಈ ಬಗೆಯವೇ ಆಗಿರಬೇಕೆಂಬ ನಿಯಮ ಬಂದಿತು.

ಸೌದಿಯ ಮನೆಗಳಿಗೆ ಈ ಪೆಟ್ಟಿಗೆ ಹೊಂದುವುದಿಲ್ಲ. ಇಲ್ಲಿ ಅಡುಗೆಗೆ ಗ್ಯಾಸ್ ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಬರುತ್ತದೆ. ಕಾವು ಬೇಕಾಗುವ ಕೆಲವೇ ವಾರಗಳಿಗಾಗಿ ಗೋಡೆಗೋಡೆಗೂ ರೇಡಿಯೇಟರ್ ಹಾಕಿಸುವುದು ದುಬಾರಿ. ಆದುದರಿಂದ ಎರಡು ಕೆಲಸಗಳು ಎರಡು ಯಂತ್ರಗಳಿಗೆ ಹಂಚಿಹೋಗಿವೆ. ಸ್ನಾನದ ನೀರಿಗೆ ವಿದ್ಯುತ್ ಗೀಸರ್. 50 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು 1.5 ಕಿಲೋವಾಟಿನ ಗೀಸರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಅದೇ ನೀರನ್ನು ಕಾಂಬಿಯಂತೆ ಹರಿಯುತ್ತಿರುವಾಗಲೇ ಕಾಯಿಸಹೊರಟರೆ 220 ವೋಲ್ಟಿನ ತಂತಿಯಲ್ಲಿ ಸುಮಾರು 110 ಆಂಪಿಯರ್ ಹರಿಯಬೇಕಾದೀತು. ಬಚ್ಚಲುಮನೆಯ ತಂತಿಗಳು ಅದನ್ನು ತಾಳಲಾರವು. ಗೀಸರ್ ಉರಿಯನ್ನು ತಗ್ಗಿಸುವುದಿಲ್ಲ. ಥರ್ಮೋಸ್ಟಾಟ್ ಹೇಳಿದಂತೆ ಹೊತ್ತುತ್ತದೆ, ಆರುತ್ತದೆ.

ಬೇಸಿಗೆಯಲ್ಲಿ ಇದೇ ಗೀಸರ್ ತಲೆಕೆಳಗಾಗಿ ದುಡಿಯುತ್ತದೆ. ಮಹಡಿಯ ಮೇಲಿನ ತೊಟ್ಟಿಯ ನೀರು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುವಾಗ, ಬಹಳ ಮಂದಿ ಗೀಸರನ್ನು ಆರಿಸಿ, ಮನೆಯೊಳಗಿನ ತಂಪಿನಲ್ಲಿ ನಿಂತ ಅದರ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ. ಜಾಣ ಉಪಾಯವೇ ಸರಿ. ಆದರೆ 25ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಗಾಗ ನೀರನ್ನು 60 ಡಿಗ್ರಿಗೆ ಕಾಯಿಸಿ ಹರಿಯಬಿಡುವುದು ಒಳಿತು.

ಕೋಣೆಯ ಕಾವಿಗೆ ಸೌದಿಯಲ್ಲಿ ನೆರವಾಗುವುದು ಏರ್ ಕಂಡಿಷನರ್. ಅಂಗಡಿಗಳಲ್ಲಿ ಅದು ಎರಡು ಬಗೆಯದು: ತಂಪಿನದು ಮಾತ್ರ, ಮತ್ತು ತಂಪು–ಬಿಸಿ ಎರಡರದು. ಎರಡನೆಯದರಲ್ಲಿ ಕವಾಟವೊಂದು ಶೀತಕದ ಹರಿವನ್ನು ಹಿಂದುಮುಂದಾಗಿಸಿ, ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಹದವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯುತ್ತದೆ. ತಂತಿ ಕಾಯುವ ಹೀಟರಿನಿಂದ ದೊರೆಯುವುದು ಒಂದೇ. ಇನ್ವರ್ಟರ್ ಮಾದರಿಯಲ್ಲಿ ಮಾಡ್ಯುಲೇಷನ್ ಕೂಡ ಉಂಟು. ಸೌದಿಯ 60 ಹರ್ಟ್ಝ್ ವಿದ್ಯುತ್ತನ್ನು ಅದು ಮೊದಲು ನೇರಪ್ರವಾಹವಾಗಿಸಿ, ಆಮೇಲೆ ಬೇಕಾದ ಆವರ್ತನಕ್ಕೆ ಮಾರ್ಪಡಿಸಿ ಕಂಪ್ರೆಸರಿನ ವೇಗವನ್ನು ಏರಿಳಿಸುತ್ತದೆ. ಬಾಯ್ಲರಿನಲ್ಲಿ ಬೀಸಣಿಗೆ ಮಾಡುವ ಕೆಲಸವನ್ನು ಇಲ್ಲಿ ಆವರ್ತನ ಮಾಡುತ್ತದೆ.

ಕೊಳ್ಳುವಾಗ ಯಂತ್ರದ ಗರಿಷ್ಠ ಸಾಮರ್ಥ್ಯವನ್ನಷ್ಟೇ ಅಲ್ಲ, ಕನಿಷ್ಠವನ್ನೂ ವಿಚಾರಿಸಬೇಕೆಂಬುದು ನನ್ನ ಸಲಹೆ. ಚಿಕ್ಕ ಕೋಣೆಗೆ ಅತಿದೊಡ್ಡ ಯಂತ್ರ ತಂದರೆ ಇನ್ವರ್ಟರಿನ ಪ್ರಯೋಜನ ಕುಗ್ಗುತ್ತದೆ. 2018ರಿಂದ ಗೃಹಬಳಕೆಯ ವಿದ್ಯುತ್ತಿಗೆ ತಿಂಗಳಿಗೆ 6000 ಯೂನಿಟ್ಟಿನವರೆಗೆ ಯೂನಿಟ್ಟಿಗೆ 18 ಹಲಾಲ, ಅದರ ಮೇಲೆ 30 ಹಲಾಲ ದರ ಬಂದ ಮೇಲೆ ಈ ಲೆಕ್ಕಕ್ಕೆ ಬೆಲೆ ಹೆಚ್ಚಿದೆ.

ಕೊನೆಯದಾಗಿ, ಪ್ರಾಣಕ್ಕೆ ಸಂಬಂಧಿಸಿದ ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅಥವಾ ಸೌದೆ ಉರಿಸಬಾರದೆಂದು ಸೌದಿಯ ನಾಗರಿಕ ರಕ್ಷಣಾ ಇಲಾಖೆ ಚಳಿಗಾಲದಲ್ಲಿ ಎಚ್ಚರಿಸುತ್ತದೆ. ಬಾಯ್ಲರಿನ ಉರಿ ತಗ್ಗಿದಾಗ ಗಾಳಿಯ ಅನುಪಾತ ಕೆಡುವುದಿಲ್ಲ, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ನಮ್ಮ ಬಚ್ಚಲೊಲೆಯ ಹೊಗೆಗೂ ಹೆಂಚಿನ ಸಂದುಗಳ ದಾರಿಯಿತ್ತು. ಆದರೆ ಅಗ್ಗಿಷ್ಟಿಕೆಯ ಕೆಂಡ ಮುಚ್ಚಿದ ಕೋಣೆಯಲ್ಲಿ ಮಂದವಾಗುತ್ತ ಹೋದಂತೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಯಲ್ಲೇ ಶೇಖರವಾಗುತ್ತದೆ. ಮಲಗಿದವರಿಗೆ ಅದರ ಸುಳಿವೂ ಹತ್ತುವುದಿಲ್ಲ. ಕಿಟಕಿಯಿಲ್ಲದ ಕೋಣೆಗಳನ್ನು ಹಂಚಿಕೊಂಡು ಬಾಳುವ ನಮ್ಮ ಕಾರ್ಮಿಕ ಬಂಧುಗಳಿಗೆ ಈ ಮಾತನ್ನು ತಲುಪಿಸಿರಿ.